ಒಂದೇ ಮನೆ, ನಾಲ್ಕು ವಿಳಾಸ

ಒಂದು ಒಗಟು ಹೇಳುತ್ತೇನೆ, ಬಿಡಿಸಿ ನೋಡಿ. ಒಬ್ಬ ಮುತ್ಯಾ ಇದ್ದಾನೆ. ಹುಟ್ಟಿದ ಮನೆ ಬಿಟ್ಟು ಬೇರೆ ಮನೆಯಲ್ಲಿ ಒಂದು ದಿನವೂ ಸಂಸಾರ ಮಾಡಿದವನಲ್ಲ. ಆದರೂ ಅವನು ಮೂರು ರಾಜ್ಯಗಳಲ್ಲಿ ಬಾಳಿದ್ದಾನೆ, ಅವನ ಹೆಸರಿಗೆ ಬಂದ ಕಾಗದಗಳ ಮೇಲೆ ನಾಲ್ಕು ಬಗೆಯ ವಿಳಾಸಗಳಿವೆ. ಅದು ಹೇಗೆ?

ಕಲಬುರಗಿ ಸೀಮೆಯಲ್ಲಿ ಅಜ್ಜನನ್ನು ಮುತ್ಯಾ ಎನ್ನುತ್ತಾರೆ. ಈ ನಮ್ಮ ಮುತ್ಯಾ ಒಬ್ಬನೇ ಅಲ್ಲ; ಆ ಸೀಮೆಯ ಯಾವ ಹಳ್ಳಿಗೆ ಹೋದರೂ ಕಟ್ಟೆಯ ಮೇಲೆ ಇಂಥವನೊಬ್ಬ ಸಿಗುತ್ತಾನೆ. ನಾವು ಆಳಂದ ತಾಲ್ಲೂಕಿನ ನರೋಣಾವನ್ನೇ ಹಿಡಿಯೋಣ. ಹೋಬಳಿಯ ಊರು, ಸುತ್ತ ಕರಿಮಣ್ಣಿನ ಹೊಲ, ಹೊಲದಲ್ಲಿ ತೊಗರಿ. ಅಲ್ಲಿ 1940ರಲ್ಲಿ ಹುಟ್ಟಿದ ಮುತ್ಯಾನೊಬ್ಬನನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡು ಮೊಮ್ಮಗನ ಕೈಯಲ್ಲಿ ಕೇಳಿಸೋಣ.

“ಮುತ್ಯಾ, ನೀ ಹುಟ್ಟಿದ್ದು ಯಾವ ರಾಜ್ಯದಾಗ?”

“ಇದೇ ಪಡಸಾಲ್ಯಾಗ ಹುಟ್ಟೀನಪ್ಪಾ. ರಾಜ್ಯ ಯಾರದಿತ್ತು ಅಂತ ಕೇಳಿದ್ರ, ನಿಜಾಮಂದು ಇತ್ತು.”

ಒಗಟಿನ ಉತ್ತರ ಇಷ್ಟೇ. 1940ರಲ್ಲಿ ನರೋಣಾಕ್ಕೆ ಪತ್ರ ಬರೆದರೆ ಗುಲಬರ್ಗಾ ಜಿಲ್ಲೆ, ಹೈದರಾಬಾದ್ ಎಂದು ಬರೆಯಬೇಕಿತ್ತು. 1956ರ ನವೆಂಬರ್ 1ರಿಂದ ಅದೇ ಮನೆ ಗುಲಬರ್ಗಾ ಜಿಲ್ಲೆ, ಮೈಸೂರು ರಾಜ್ಯವಾಯಿತು. 1973ರ ನವೆಂಬರ್ 1ರಿಂದ ಗುಲಬರ್ಗಾ ಜಿಲ್ಲೆ, ಕರ್ನಾಟಕ. 2014ರ ನವೆಂಬರ್ 1ರಿಂದ ಕಲಬುರಗಿ ಜಿಲ್ಲೆ, ಕರ್ನಾಟಕ. ಮೊದಲ ಬದಲಾವಣೆಗೆ ನಮ್ಮ ಮುತ್ಯಾನಿಗೆ 16 ವರ್ಷ, ಎರಡನೆಯದಕ್ಕೆ 33, ಮೂರನೆಯದಕ್ಕೆ 74. ಮನೆಯ ಜಂತಿ ಒಂದೂ ಕದಲಲಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಈ ನಾಲ್ಕೂ ವಿಳಾಸಗಳಲ್ಲಿ ಬದಲಾಗದೆ ಉಳಿದದ್ದು ಮೊದಲ ಸಾಲು, ಅಂದರೆ ಊರಿನ ಹೆಸರು. ಬದಲಾದದ್ದೆಲ್ಲ ಅದರ ಕೆಳಗಿನ ಸಾಲುಗಳು. ಊರಿಗೆ ಹೆಸರಿಟ್ಟವರು ಅಲ್ಲಿ ಬಾಳಿದವರು. ಜಿಲ್ಲೆಗೆ ಹೆಸರಿಟ್ಟವರು ಮಾತ್ರ ಯಾವಾಗಲೂ ದೂರದಲ್ಲೆಲ್ಲೋ ಕೂತು ನಕ್ಷೆ ನೋಡಿದವರು. ಆ ದೂರದವರ ಕೆಲಸ ಹೇಗೆ ನಡೆಯಿತು, ಅದರಿಂದ ಈ ಮನೆಯವರಿಗೆ ಏನಾಯಿತು ಎಂಬುದೇ ಈ ವಾರದ ಕಥೆ.

ಪಕ್ಕೆಲುಬಿನಿಂದ ಬಂದ ಮಾತು

ಜಿಲ್ಲೆ ಎಂಬ ಮಾತು ನಮಗೆ ಎಷ್ಟು ಒಗ್ಗಿದೆ ಎಂದರೆ ಅದು ಕನ್ನಡದ್ದೇ ಎನಿಸುತ್ತದೆ. ಮೂಲದಲ್ಲಿ ಅದು ಅರಬ್ಬೀ ಮಾತು. ಅಲ್ಲಿ ಅದಕ್ಕೆ ಪಕ್ಕೆಲುಬು, ಪಕ್ಕ, ಮಗ್ಗುಲು ಎಂದು ಅರ್ಥ. ರಾಜ್ಯವೆಂಬ ದೇಹಕ್ಕೆ ಜಿಲ್ಲೆಗಳು ಪಕ್ಕೆಲುಬುಗಳಿದ್ದಂತೆ ಎಂದುಕೊಂಡರೆ ಚೆನ್ನಾಗಿ ಹೊಂದುತ್ತದೆ. ತಾಲ್ಲೂಕು ಕೂಡ ಅರಬ್ಬೀ ಮೂಲದ್ದೇ. ಸಂಬಂಧ, ಸೇರಿಕೆ ಎಂಬ ಅರ್ಥದ್ದು. ಇಂಥ ಊರು ಇಂಥವರಿಗೆ ಸೇರಿದ್ದು ಎನ್ನುವಾಗ ಬಳಸುತ್ತಿದ್ದ ಮಾತು ಕೊನೆಗೆ ನೆಲದ ತುಂಡಿಗೇ ಹೆಸರಾಯಿತು.

ಹಾಗಾದರೆ ಈ ಮಾತುಗಳು ಬರುವ ಮುಂಚೆ ಏನಿತ್ತು? ನಾಡು ಇತ್ತು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಆಳಂದದ ಸುತ್ತಲಿನ ಸೀಮೆಗೆ ‘ಅಲಂದೆ ಸಾಸಿರ’ ಎಂಬ ಹೆಸರಿದೆ. ಸಾಸಿರ ಅಂದರೆ ಸಾವಿರ. ಇಂದಿನ ಶಹಾಪುರದ ಕಡೆ ‘ಸಗರ ಮುನ್ನೂರು’. ಆ ಹೆಸರಿನ ನೆರಳು ಸಗರನಾಡು ಎಂಬ ಮಾತಿನಲ್ಲಿ ಈಗಲೂ ಇದೆ. ಸಾವಿರ, ಮುನ್ನೂರು ಎಂದರೆ ಅಷ್ಟು ಹಳ್ಳಿಗಳೋ, ಅಷ್ಟು ಹುಟ್ಟುವಳಿಯೋ ಎಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಾರೆ. ನಮಗೆ ಬೇಕಾದ ಸಂಗತಿ ಇಷ್ಟು: ಸಾವಿರ ವರ್ಷದ ಹಿಂದೆ ಈ ಭಾಗದಲ್ಲಿ ಲೆಕ್ಕಕ್ಕೆ ಹಿಡಿದ ಹೆಸರು ಆಳಂದದ್ದು. ಇಂದು ತಾಲ್ಲೂಕು ಕೇಂದ್ರವಾಗಿರುವ ಊರು ಅಂದು ಒಂದು ನಾಡಿನ ತಲೆಯೂರಾಗಿತ್ತು.

ಕಲಬುರಗಿಯ ಭಾಗ್ಯ ತೆರೆದದ್ದು 1347ರಲ್ಲಿ. ದಿಲ್ಲಿಯ ಹಿಡಿತದಿಂದ ಬಿಡಿಸಿಕೊಂಡ ಅಲಾವುದ್ದೀನ್ ಹಸನ್ ಬಹಮನ್ ಷಾ ಇಲ್ಲಿ ರಾಜಧಾನಿ ಮಾಡಿದ. ಹೊಸ ರಾಜ, ಹೊಸ ರಾಜ್ಯ. ಊರಿಗೂ ಹೊಸ ಹೆಸರು ಬೇಡವೇ? ಅಹ್ಸನಾಬಾದ್ ಎಂದು ಇಟ್ಟರು. ಬಹಮನಿ ನಾಣ್ಯಗಳ ಮೇಲೆ ಟಂಕಸಾಲೆಯ ಹೆಸರಾಗಿ ಅಹ್ಸನಾಬಾದ್ ಎಂದೇ ಒತ್ತಿದ್ದಾರೆ. ಮುಂದೆ ರಾಜಧಾನಿ ಬೀದರಿಗೆ ಹೋದಾಗ ಬೀದರಿಗೂ ಮುಹಮ್ಮದಾಬಾದ್ ಎಂಬ ಹೆಸರು ಸಿಕ್ಕಿತು. ಇವತ್ತು ಬೀದರಿನ ಬಸ್ ನಿಲ್ದಾಣದಲ್ಲಿ ನಿಂತು ಮುಹಮ್ಮದಾಬಾದ್‌ಗೆ ಟಿಕೆಟ್ ಕೇಳಿ ನೋಡಿ! ರಾಜ ನಾಣ್ಯದ ಮೇಲೆ ಒತ್ತಿಸಿದ ಹೆಸರೂ ಜನರ ನಾಲಗೆಗೆ ಹತ್ತದಿದ್ದರೆ ನಿಲ್ಲುವುದಿಲ್ಲ. ಭೀಮಾ ತೀರದಲ್ಲಿ ಫಿರೋಜ್ ಷಾ ಕಟ್ಟಿಸಿದ ಫಿರೋಜಾಬಾದ್ ಮಾತ್ರ ಹೆಸರು ಉಳಿಸಿಕೊಂಡಿದೆ. ಅಲ್ಲಿ ಆಗಿದ್ದು ತಿರುಗುಮುರುಗು: ಹೆಸರು ಉಳಿಯಿತು, ರಾಜಧಾನಿಯಾಗಬೇಕಿದ್ದ ಪಟ್ಟಣ ಹಾಳುಬಿದ್ದಿತು.

ಉಳಿದ ಹೆಸರು ಎರಡು. ದಫ್ತರದಲ್ಲಿ ಗುಲಬರ್ಗಾ, ಮನೆಯಲ್ಲಿ ಕಲಬುರ್ಗಿ. ಗುಲ್ ಅಂದರೆ ಪಾರಸಿಯಲ್ಲಿ ಹೂವು, ಬರ್ಗ್ ಅಂದರೆ ಎಲೆ. ಹೂವು ಎಲೆಗಳ ಊರು ಎಂದು ಕೆಲವರು ಅರ್ಥ ಹೇಳುತ್ತಾರೆ. ಕಲ್ಲಿನ ನೆಲದಿಂದ ಕಲಬುರ್ಗಿ ಎಂದು ಇನ್ನು ಕೆಲವರು. ಏಪ್ರಿಲ್ ತಿಂಗಳಲ್ಲಿ ಒಮ್ಮೆ ಆ ಊರಿನಲ್ಲಿ ಮಧ್ಯಾಹ್ನ ನಡೆದಾಡಿದವರು ಎರಡನೆಯ ಅರ್ಥಕ್ಕೇ ಕೈ ಎತ್ತುತ್ತಾರೆ ಎಂಬುದು ನನ್ನ ಅನುಮಾನ.

ತೂತುಬಿದ್ದ ನಕ್ಷೆ

ಇಂದು ನಾವು ತಿಳಿದಿರುವ ಅರ್ಥದ ಜಿಲ್ಲೆ ಈ ಭಾಗಕ್ಕೆ ಬಂದದ್ದು ಹೈದರಾಬಾದಿನ ದಿವಾನ ಒಂದನೇ ಸಾಲಾರ್ ಜಂಗ್ ಕಾಲದಲ್ಲಿ. ಅವನು 1853ರಿಂದ 1883ರವರೆಗೆ ದಿವಾನನಾಗಿದ್ದ. ಅವನಿಗೂ ಮುಂಚೆ ಕಂದಾಯ ಎತ್ತುವ ಕೆಲಸವನ್ನು ಗುತ್ತಿಗೆ ಕೊಡುತ್ತಿದ್ದರು. ಗುತ್ತಿಗೆ ಹಿಡಿದವನು ಸರ್ಕಾರಕ್ಕೆ ಇಷ್ಟು ಎಂದು ಕಟ್ಟಿ, ರೈತನಿಂದ ಕೈಲಾದಷ್ಟು ಕೀಳುತ್ತಿದ್ದ. ಸಾಲಾರ್ ಜಂಗ್ 1865ರಲ್ಲಿ ‘ಜಿಲ್ಲಾಬಂದಿ’ ಮಾಡಿದ. ರಾಜ್ಯವನ್ನು ಜಿಲ್ಲೆಗಳಾಗಿ ಹಂಚಿ, ಸಂಬಳದ ಅಧಿಕಾರಿಗಳನ್ನು ನೇಮಿಸಿದ. ಜಿಲ್ಲೆಯ ಮುಖ್ಯಸ್ಥನಿಗೆ ಅವ್ವಲ್ ತಾಲ್ಲೂಕ್‌ದಾರ ಎಂಬ ಹೆಸರು. ಇಂದಿನ ಜಿಲ್ಲಾಧಿಕಾರಿಯ ಜಾಗ. ತಾಲ್ಲೂಕಿಗೆ ತಹಶೀಲ್ದಾರ. ಹಲವು ಜಿಲ್ಲೆ ಸೇರಿ ಒಂದು ಸುಭಾ, ಅದಕ್ಕೊಬ್ಬ ಸುಭೇದಾರ. ಗುಲಬರ್ಗಾ ಜಿಲ್ಲೆಯ ಕೇಂದ್ರವೂ ಆಯಿತು, ಸುಭಾದ ಕೇಂದ್ರವೂ ಆಯಿತು. 1871ರ ಹೊತ್ತಿಗೆ ಸೊಲ್ಲಾಪುರದಿಂದ ರಾಯಚೂರಿಗೆ ರೈಲು ಹಳಿ ಬಿತ್ತು, ಗುಲಬರ್ಗಾ ಮುಂಬೈ–ಮದರಾಸು ದಾರಿಯ ಮೇಲಿನ ಊರಾಯಿತು. ಕಚೇರಿ ಇರುವ ಊರಿಗೆ ರೈಲು, ರೈಲು ಇರುವ ಊರಿಗೆ ವ್ಯಾಪಾರ. ಆಳಂದದ ಹಳೆಯ ಹಿರಿಮೆ ಆ ಹೊತ್ತಿಗೆ ಹಿಂದೆ ಸರಿದಿತ್ತು.

ಆದರೆ ಸಾಲಾರ್ ಜಂಗನ ನಕ್ಷೆಯಲ್ಲಿ ಬಹಳ ತೂತುಗಳಿದ್ದವು. ಸಂಸ್ಥಾನದ ನೆಲದಲ್ಲಿ ಐದರಲ್ಲಿ ಮೂರು ಪಾಲು ಮಾತ್ರ ನೇರವಾಗಿ ಸರ್ಕಾರದ್ದು. ಅದನ್ನು ದಿವಾನಿ ಎನ್ನುತ್ತಿದ್ದರು. ಉಳಿದದ್ದು ನಿಜಾಮನ ಸ್ವಂತದ ಸರ್ಫ್-ಎ-ಖಾಸ್, ಇಲ್ಲವೇ ಜಾಗೀರುದಾರರದು, ಪಾಯಗಾ ಮನೆತನದವರದು. ಪಾಯಗಾ ಎಂದರೆ ನಿಜಾಮನಿಗಾಗಿ ಕುದುರೆ ದಂಡು ಸಾಕುವ ಶ್ರೀಮಂತರಿಗೆ ಆ ಖರ್ಚಿಗೆಂದು ಬಿಟ್ಟುಕೊಟ್ಟ ಸೀಮೆ. ಗುಲಬರ್ಗಾ ಜಿಲ್ಲೆಯ ನಡುನಡುವೆ ಅಂಥ ಸೀಮೆಗಳು ತುಂಬ ಇದ್ದವು. ಆಳಂದ ಕೂಡ ಒಂದು ಪಾಯಗಾ ತಾಲ್ಲೂಕಿನ ಮುಖ್ಯ ಊರಾಗಿತ್ತು.

ಇದರಿಂದ ರೈತನಿಗೆ ಏನು ವ್ಯತ್ಯಾಸ ಎಂದು ಕೇಳಬಹುದು. ಬಹಳ ವ್ಯತ್ಯಾಸ. ನಿಮ್ಮ ಹೊಲ ದಿವಾನಿಯಲ್ಲಿದ್ದರೆ ತಹಶೀಲ್ದಾರನ ಹತ್ತಿರ ತಕರಾರು ಹೇಳಬಹುದು. ಹೊಲ ಜಾಗೀರಿನಲ್ಲಿದ್ದರೆ ಜಾಗೀರುದಾರನ ಕಾರಭಾರಿಯೇ ತಕರಾರಿಗೆ ಕಾರಣ, ತೀರ್ಪು ಕೊಡುವವನೂ ಅವನದೇ ಮನುಷ್ಯ. ಎರಡು ಹೊಲಗಳ ನಡುವೆ ಒಂದು ಬದು ಇದ್ದರೆ ಸಾಕು, ಆಚೆಯವನಿಗೆ ಒಂದು ನ್ಯಾಯ, ಈಚೆಯವನಿಗೆ ಇನ್ನೊಂದು.

ಜಿಲ್ಲೆಗಳೂ ಶಾಶ್ವತವಲ್ಲ ಎಂಬುದಕ್ಕೆ ಇಲ್ಲೇ ಒಂದು ಉದಾಹರಣೆ ಇದೆ. ಲಿಂಗಸುಗೂರು ಎಂಬ ಜಿಲ್ಲೆಯೊಂದಿತ್ತು. 1905ರಲ್ಲಿ ಅದನ್ನು ಮುರಿದರು. ಶಹಾಪುರ, ಸುರಪುರ ಗುಲಬರ್ಗಾಕ್ಕೆ ಬಂದವು. ಲಿಂಗಸುಗೂರು ರಾಯಚೂರು ಜಿಲ್ಲೆಯ ತಾಲ್ಲೂಕಾಯಿತು. ಜಿಲ್ಲೆಯ ಹೆಸರಾಗಿದ್ದ ಊರು ತಾಲ್ಲೂಕಿನ ಹೆಸರಾಗಿ ಕೆಳಗಿಳಿಯಿತು.

ಇದಕ್ಕಿಂತ ಸೋಜಿಗ ಜೇವರ್ಗಿಯದು. ಹೈದರಾಬಾದ್ ಕಾಲದ ಕಾಗದಗಳಲ್ಲಿ ಜೇವರ್ಗಿ ತಾಲ್ಲೂಕು ಹುಡುಕಿದರೆ ಸಿಗುವುದು ಆಂದೋಲಾ ತಾಲ್ಲೂಕು. ಆಂದೋಲಾ ಈಗ ಜೇವರ್ಗಿ ತಾಲ್ಲೂಕಿನೊಳಗಿನ ಒಂದು ಊರು. ಮನೆಯ ಹಳೆಯ ಟ್ರಂಕಿನಲ್ಲಿ ಆಂದೋಲಾ ಎಂದು ಬರೆದ ಕಾಗದ ಸಿಕ್ಕರೆ ‘ನಮ್ಮವರು ಆಂದೋಲಾದವರು’ ಎಂದು ಕತೆ ಕಟ್ಟಬೇಡಿ. ಅದು ತಾಲ್ಲೂಕಿನ ಹೆಸರೂ ಆಗಿರಬಹುದು.

ದೂರದ ಒಂದು ಕಡಲತೀರ

ಇಂಥ ಪೇಚು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ನಮ್ಮ ಜಿಲ್ಲೆಗೆ ಸಾಟಿಯಾದದ್ದು ಕೌಂಟಿ. 1634ರಲ್ಲಿ ವರ್ಜೀನಿಯಾದ ಇಂಗ್ಲಿಷ್ ವಸಾಹತನ್ನು ಎಂಟು ಭಾಗ ಮಾಡಿದರು. ಹೆಚ್ಚಿನವಕ್ಕೆ ಇಂಗ್ಲೆಂಡಿನ ರಾಜಮನೆತನದವರ ಹೆಸರು: ಜೇಮ್ಸ್ ಸಿಟಿ, ಚಾರ್ಲ್ಸ್ ಸಿಟಿ, ಎಲಿಜಬೆತ್ ಸಿಟಿ. ಎರಡಕ್ಕೆ ಮಾತ್ರ ಅಲ್ಲಿನ ಮೂಲ ಜನರ ಮಾತಿನ ಹೆಸರು ಉಳಿಯಿತು. ಅವುಗಳಲ್ಲಿ ಒಂದು ಅಕೊಮ್ಯಾಕ್, ಚೆಸಪೀಕ್ ಕೊಲ್ಲಿಯ ಆಚೆ ದಂಡೆಯದು. ಹತ್ತು ವರ್ಷ ತುಂಬುವುದರೊಳಗೆ ಆ ಎರಡೂ ಹೆಸರು ಹೋದವು. ಅಕೊಮ್ಯಾಕ್ ನಾರ್ಥಾಂಪ್ಟನ್ ಆಯಿತು. ಇಂಗ್ಲೆಂಡಿನಲ್ಲಿ ಆಗಲೇ ಒಂದು ನಾರ್ಥಾಂಪ್ಟನ್ ಇತ್ತು, ಇಲ್ಲೂ ಒಂದು ಇರಲಿ ಎಂಬಂತೆ. ಆಮೇಲೆ ಏನಾಯಿತು ಗೊತ್ತೇ? 1663ರ ಸುಮಾರಿಗೆ ಆ ಕೌಂಟಿಯನ್ನು ಒಡೆದು ಉತ್ತರದ ತುಂಡನ್ನು ಬೇರೆ ಮಾಡುವಾಗ ಹೊಸ ಕೌಂಟಿಗೆ ಹಳೆಯ ಅಕೊಮ್ಯಾಕ್ ಹೆಸರನ್ನೇ ತಂದರು. ಈಗ ಎರಡೂ ಅಕ್ಕಪಕ್ಕ ಇವೆ.

ಆ ನಾರ್ಥಾಂಪ್ಟನ್ ಕೌಂಟಿಗೆ ಇನ್ನೊಂದು ಹೆಗ್ಗಳಿಕೆ ಇದೆ. ಅಲ್ಲಿನ ಕೋರ್ಟಿನ ದಾಖಲೆ ಪುಸ್ತಕಗಳು 1632ರಿಂದ ಒಂದು ವರ್ಷವೂ ಬಿಡದೆ ಸಾಲಾಗಿ ಉಳಿದುಬಂದಿವೆ. ಆ ದೇಶದಲ್ಲಿ ಅಷ್ಟು ಹಳೆಯ, ಎಡೆಬಿಡದ ಕೋರ್ಟ್ ದಾಖಲೆ ಬೇರೆಲ್ಲೂ ಇಲ್ಲ. ಹೆಸರು ಬದಲಾದರೂ ಪುಸ್ತಕ ಕಾಪಾಡಿದ್ದರಿಂದ ಯಾರ ಹೊಲ ಎಲ್ಲಿತ್ತು ಎಂದು ಇಂದಿಗೂ ಹುಡುಕಬಹುದು. ಈ ಮಾತನ್ನು ನೆನಪಿನಲ್ಲಿಡಿ. ನಮ್ಮ ಮುತ್ಯಾನ ಟ್ರಂಕಿಗೆ ಬಂದಾಗ ಬೇಕಾಗುತ್ತದೆ.

ಗೆರೆ ಎಳೆದ ಕಾಲ

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾಯಿತು. ನರೋಣಾಕ್ಕೆ ಅಂದು ಸ್ವಾತಂತ್ರ್ಯ ಬರಲಿಲ್ಲ. ನಿಜಾಮ ಭಾರತಕ್ಕೆ ಸೇರಲು ಒಪ್ಪಲಿಲ್ಲ. ರಜಾಕಾರರ ಹಾವಳಿ ಹೆಚ್ಚಿತು. ಆಳಂದ ಸೀಮೆಯ ಪಶ್ಚಿಮದ ಅಂಚೇ ಸಂಸ್ಥಾನದ ಗಡಿ. ಗಡಿ ದಾಟಿದರೆ ಅಕ್ಕಲಕೋಟೆ, ಸೊಲ್ಲಾಪುರ. ಹೋರಾಟಗಾರರು ಅಲ್ಲಿ ಶಿಬಿರ ಹೂಡಿದರು, ಹೆದರಿದ ಕುಟುಂಬಗಳು ಮಕ್ಕಳುಮರಿ ಕಟ್ಟಿಕೊಂಡು ಆಚೆ ಹೋದವು. ನಕ್ಷೆಯ ಮೇಲೆ ಬರಿಯ ಗೆರೆಯಾದದ್ದು ಅವರಿಗೆ ಜೀವ ಉಳಿಸುವ ಗೆರೆಯಾಗಿತ್ತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂತು. 17ರಂದು ನಿಜಾಮ ಶರಣಾದ. ಮರುವರ್ಷ ಜಾಗೀರು ರದ್ದತಿಯ ಕಾಯಿದೆ ಬಂತು. ಸಾಲಾರ್ ಜಂಗನ ನಕ್ಷೆಯ ತೂತುಗಳೆಲ್ಲ ಒಂದೇ ಸಲಕ್ಕೆ ಮುಚ್ಚಿದವು. ನನ್ನನ್ನು ಕೇಳಿದರೆ, ಜಿಲ್ಲೆಯೊಂದು ನಿಜವಾಗಿ ಹುಟ್ಟಿದ್ದು ಆಗಲೇ. ಬದುವಿನ ಆಚೆ ಈಚೆ ಒಂದೇ ನ್ಯಾಯ ಬಂದ ಮೇಲೆ ತಾನೆ ಅದು ಜಿಲ್ಲೆ?

ಏಳು ವರ್ಷಕ್ಕೆ ಇನ್ನೊಂದು ಗೆರೆ. ಭಾಷೆಯ ಮೇಲೆ ರಾಜ್ಯಗಳನ್ನು ಹೊಂದಿಸುವಾಗ ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡಿದರು. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯಲ್ಲಿ ಹೊಸ ಮೈಸೂರಿಗೆ ಸೇರುವ ಭಾಗಗಳ ಪಟ್ಟಿ ಇದೆ. ಅಲ್ಲಿ ಗುಲಬರ್ಗಾ ಜಿಲ್ಲೆಯ ಹೆಸರಿನ ಜೊತೆ ‘ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕು ಬಿಟ್ಟು’ ಎಂಬ ಷರಾ ಸೇರಿದೆ. ಆ ಎರಡು ತಾಲ್ಲೂಕು ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ರಾಯಚೂರಿನಿಂದ ಆಲಂಪುರ, ಗದ್ವಾಲ್. ಬೀದರಿನಿಂದ ಅಹ್ಮದಪುರ, ನಿಲಂಗಾ, ಉದಗೀರ ಹೀಗೇ ಬೇರೆಯಾದವು. ಪಶ್ಚಿಮಕ್ಕೆ ಅಕ್ಕಲಕೋಟೆಯಲ್ಲಿ, ದಕ್ಷಿಣ ಸೊಲ್ಲಾಪುರದಲ್ಲಿ ಕನ್ನಡ ಮಾತಾಡುವವರು ಧಾರಾಳವಾಗಿದ್ದರೂ ಅವು ಆಚೆಯೇ ಉಳಿದವು. ಅವುಗಳ ಹಲವು ಹಳ್ಳಿಗಳು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಹೇಳಿದ್ದು ಕಾಗದದ ಮೇಲೇ ಇದೆ.

ನರೋಣಾದ ಹುಡುಗನಿಗೆ ಅಂದು ಎರಡು ಬದಲಾವಣೆ ಒಟ್ಟಿಗೆ ಆದವು. ಅವ್ವನ ಮಾತೇ ಸರ್ಕಾರದ ಮಾತಾಗುವ ದಾರಿ ತೆರೆಯಿತು. ನಿಜಾಮನ ಕಾಲದಲ್ಲಿ ದಫ್ತರದ ಭಾಷೆ ಉರ್ದು. ಅರ್ಜಿ ಬರೆಸಲು ಮುನ್ಷಿಯ ಹತ್ತಿರ ಹೋಗಬೇಕಿತ್ತು. ಇದು ಲಾಭ. ಆದರೆ ರಾಜಧಾನಿ? ಕಲಬುರಗಿಯಿಂದ ಹೈದರಾಬಾದಿಗೆ ಸುಮಾರು 220 ಕಿಲೋಮೀಟರ್. ಬೆಂಗಳೂರಿಗೆ ಸುಮಾರು 600. ಭಾಷೆ ಹತ್ತಿರ ಬಂತು, ವಿಧಾನಸೌಧ ದೂರ ಹೋಯಿತು. ಈ ಭಾಗದವರು ಹಿಂದುಳಿದೆವು ಎಂದು ಮುಂದೆ ಅರ್ಧ ಶತಮಾನ ಕೂಗಿದ ಕೂಗಿನಲ್ಲಿ ಈ ದೂರದ ನೋವೂ ಇದೆ.

ದೂರ ಎಂಬುದು ಜಿಲ್ಲೆ ಒಡೆಯುವುದಕ್ಕೂ ಮುಖ್ಯ ಕಾರಣ. 1956ರಲ್ಲಿ 19 ಜಿಲ್ಲೆಗಳಿದ್ದ ರಾಜ್ಯದಲ್ಲಿ ಈಗ 31 ಇವೆ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಒಂದೇ ಸಲ ಏಳು ಜಿಲ್ಲೆ ಮಾಡಿತು. ಗುಲಬರ್ಗಾ ಒಡೆದದ್ದು 2009ರ ಡಿಸೆಂಬರ್ 30ರಂದು. ಯಾದಗಿರಿ, ಶಹಾಪುರ, ಸುರಪುರ ಸೇರಿ 30ನೇ ಜಿಲ್ಲೆಯಾಗಿ ಯಾದಗಿರಿ ಹುಟ್ಟಿತು. ಸುರಪುರದ ರೈತನಿಗೆ ಜಿಲ್ಲಾಧಿಕಾರಿ ಕಚೇರಿಗೆ ಹೋಗಿಬರುವುದೆಂದರೆ ಅದುವರೆಗೆ ಇಡೀ ದಿನದ ಕೆಲಸ. 2018ರಲ್ಲಿ ಕಾಳಗಿ, ಕಮಲಾಪುರ, ಯಡ್ರಾಮಿ, ಶಹಾಬಾದ್ ಹೊಸ ತಾಲ್ಲೂಕುಗಳಾಗಿ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳ ಎಣಿಕೆ 11ಕ್ಕೆ ಏರಿತು. ಯಡ್ರಾಮಿ ಬೇರೆಯಾದದ್ದು ಜೇವರ್ಗಿಯಿಂದ. 

ಜಿಲ್ಲೆ ಮಾಡುವುದೆಂದರೆ ಮಂತ್ರಿಗಳು ಭಾಷಣದಲ್ಲಿ ಹೇಳಿದ ಕೂಡಲೇ ಆಗುವುದಲ್ಲ. ಭೂಕಂದಾಯ ಕಾಯಿದೆಯ ಪ್ರಕಾರ ಕರಡು ಅಧಿಸೂಚನೆ ಹೊರಡಿಸಿ, ಜನರ ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮ ಅಧಿಸೂಚನೆ ರಾಜ್ಯಪತ್ರದಲ್ಲಿ ಬರಬೇಕು. ಯಾವ ಹೋಬಳಿ ಎಲ್ಲಿಗೆ, ಯಾವ ಹಳ್ಳಿ ಎಲ್ಲಿಗೆ ಎಂದು ಒಂದೊಂದನ್ನೂ ಬರೆದಿರುತ್ತಾರೆ. ಅಲ್ಲಿಂದ ನಿಜವಾದ ಕೆಲಸ ಶುರು: ಕಚೇರಿಗೆ ಕಟ್ಟಡ, ಸಿಬ್ಬಂದಿ, ಖಜಾನೆ, ಹಳೆಯ ಕಡತಗಳನ್ನು ಹಂಚಿ ಗಂಟು ಕಟ್ಟಿ ಸಾಗಿಸುವುದು. ಗಂಟು ಬಿಚ್ಚಿದಾಗ ಕಡತ ಸಿಕ್ಕಿದರೆ ಅದೃಷ್ಟ.

ಕಲಬುರ್ಗಿಯೇ ಗೆದ್ದಿತು

ಇನ್ನು ಹೆಸರಿನ ಮಾತು. 2005ರಲ್ಲಿ ಯು.ಆರ್. ಅನಂತಮೂರ್ತಿಯವರು ಊರುಗಳ ಹೆಸರನ್ನು ಕನ್ನಡಿಗರು ಕರೆಯುವ ಹಾಗೇ ಬರೆಯೋಣ ಎಂದು ಸರ್ಕಾರಕ್ಕೆ ಸಲಹೆ ಕೊಟ್ಟರು. ಆಗ ಮುಖ್ಯಮಂತ್ರಿ ಯಾರು ಗೊತ್ತೇ? ಜೇವರ್ಗಿ ತಾಲ್ಲೂಕಿನ ನೆಲೋಗಿಯ ಧರ್ಮಸಿಂಗ್. ಸಲಹೆ ಒಪ್ಪಿದ್ದಾಯಿತು, ಆದರೆ ಊರಿನ ಹೆಸರು ಬದಲಿಸಲು ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಬೇಕು. ರೈಲ್ವೆ, ಅಂಚೆ, ಸರ್ವೇ ಇಲಾಖೆಗಳನ್ನೂ ಕೇಳಬೇಕು. ಕಡತ ಓಡಾಡಿ ಒಪ್ಪಿಗೆ ಬರಲು ಒಂಬತ್ತು ವರ್ಷ ಹಿಡಿಯಿತು. 2014ರ ನವೆಂಬರ್ 1ರಂದು 12 ಊರುಗಳ ಹೆಸರು ಬದಲಾದವು. ಅನಂತಮೂರ್ತಿ ಅದಕ್ಕೆ ಎರಡು ತಿಂಗಳು ಮುಂಚೆ, ಆಗಸ್ಟ್ 22ರಂದು ತೀರಿಕೊಂಡಿದ್ದರು.

ಬೆಂಗಳೂರು, ಮೈಸೂರುಗಳಲ್ಲಿ ಬದಲಾದದ್ದು ಇಂಗ್ಲಿಷ್ ಬರವಣಿಗೆ ಮಾತ್ರ. ಕನ್ನಡದ ಬೋರ್ಡಿಗೆ ಬಣ್ಣ ಬಳಿಯುವ ಕೆಲಸವೇ ಬೀಳಲಿಲ್ಲ. ಗುಲಬರ್ಗಾದ ಮಾತು ಬೇರೆ. ಇಲ್ಲಿ ಕನ್ನಡದಲ್ಲೂ ಹೆಸರು ಬದಲಾಯಿತು. ಆದರೂ ಹಳ್ಳಿಯವರಿಗೆ ಹೊಸದೇನೂ ಕಾಣಲಿಲ್ಲ. ಅವರು ಯಾವಾಗಲೂ ‘ಕಲಬುರ್ಗಿಗಿ ಹೋಗಿ ಬರ್ತೀನಿ’ ಎಂದೇ ಹೊರಡುತ್ತಿದ್ದವರು. ಸಂಶೋಧಕ ಎಂ.ಎಂ. ಕಲಬುರ್ಗಿ ಅವರ ಅಡ್ಡಹೆಸರು ಸರ್ಕಾರದ ಆದೇಶ ಹುಟ್ಟುವುದಕ್ಕೆ ಎಷ್ಟೋ ಮೊದಲಿನದು. ನಾಣ್ಯದ ಅಹ್ಸನಾಬಾದ್ ಹೋಯಿತು, ದಫ್ತರದ ಗುಲಬರ್ಗಾ ಹೋಯಿತು, ನಾಲಗೆಯ ಹೆಸರು ರಾಜ್ಯಪತ್ರ ಏರಿತು.

ಪೂರಾ ಹೋಯಿತೇ? ಇಲ್ಲ. 1980ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ಗುಲಬರ್ಗಾ ಹೆಸರಿನಲ್ಲೇ ಪದವಿ ಕೊಡುತ್ತ ಬಂತು. ವಿದ್ಯುತ್ ಬಿಲ್ಲಿನ ಮೇಲಿನ ಜೆಸ್ಕಾಂ ಎಂಬುದರ ಮೊದಲ ಅಕ್ಷರ ಬಂದದ್ದು ಗುಲಬರ್ಗಾದಿಂದ. ಊರ ಹೆಸರು ಬದಲಿಸುವುದು ಸುಲಭ, ಬಿಲ್ ಪುಸ್ತಕ ಬದಲಿಸುವುದು ಕಷ್ಟ!

2019ರ ಸೆಪ್ಟೆಂಬರ್ 17ರಂದು ಇನ್ನೊಂದು ಹೆಸರು ಹೋಯಿತು. ಹೈದರಾಬಾದ್ ಕರ್ನಾಟಕ ಎಂದು ಕರೆಯುತ್ತಿದ್ದ ಇಡೀ ಭಾಗ ಕಲ್ಯಾಣ ಕರ್ನಾಟಕವಾಯಿತು. ಚಾಲುಕ್ಯರ ರಾಜಧಾನಿ, ಶರಣರ ಕರ್ಮಭೂಮಿ ಬಸವಕಲ್ಯಾಣದ ನೆನಪಿನ ಹೆಸರು. ಅಲಂದೆ ಸಾಸಿರವನ್ನು ಆಳಿದ ಕಲ್ಯಾಣವೇ ಸುತ್ತಿಬಳಸಿ ಮರಳಿ ಬಂದಂತಾಯಿತು.

ಟ್ರಂಕಿನೊಳಗಿನ ಕಾಗದ

ಹೆಸರಿನಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿದ್ದಾರೆ. ಈ ಭಾಗದಲ್ಲಿ ಜಿಲ್ಲೆಯ ಹೆಸರಿಗೂ ಅನ್ನಕ್ಕೂ ನೇರ ಸಂಬಂಧವಿದೆ. 2012ರಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಈ ಭಾಗದ ಜಿಲ್ಲೆಗಳವರಿಗೆ ಸರ್ಕಾರಿ ನೌಕರಿಯಲ್ಲಿ, ಕಾಲೇಜು ಸೀಟುಗಳಲ್ಲಿ ಮೀಸಲು ಸಿಕ್ಕಿತು. ಅದಕ್ಕೆ ‘ಇವರು ಈ ಭಾಗದವರು’ ಎಂಬ ಪ್ರಮಾಣಪತ್ರ ಬೇಕು. ಹುಟ್ಟಿದ್ದು ಎಲ್ಲಿ, ಎಷ್ಟು ವರ್ಷದಿಂದ ಇದ್ದೀರಿ ಎಂದು ಕಾಗದ ತೋರಿಸಬೇಕು. 1956ರಲ್ಲಿ ಎಳೆದ ಗೆರೆ ಇಲ್ಲಿ ಮತ್ತೆ ಎದುರಾಗುತ್ತದೆ: ಗೆರೆಯ ಈಚೆಗಿನ ಚಿಂಚೋಳಿಯ ಹುಡುಗಿಗೆ ಆ ಪ್ರಮಾಣಪತ್ರ ಸಿಗುತ್ತದೆ. ಒಂದು ಕಾಲಕ್ಕೆ ಅದೇ ಜಿಲ್ಲೆಯಲ್ಲಿದ್ದ ತಾಂಡೂರಿನ ಹುಡುಗಿಗೆ ಇಲ್ಲ.

ಕಾಗದ ಹುಡುಕಲು ಮುತ್ಯಾನ ಟ್ರಂಕು ತೆರೆದರೆ ಮೂರು ತೊಡಕು ಕಾಣುತ್ತವೆ. ಬಹಳ ಹಳೆಯದು ಉರ್ದುವಿನಲ್ಲಿರುತ್ತದೆ. ಓದಲು ಬಲ್ಲವರನ್ನು ಹುಡುಕಬೇಕು. ವರ್ಷ ಫಸಲಿಯಲ್ಲಿರುತ್ತದೆ. ಫಸಲಿ 1358 ಎಂದು ಕಂಡರೆ ಆರುನೂರು ವರ್ಷದ ಹಿಂದಿನ ಕಾಗದ ಎಂದು ಕುಣಿಯಬೇಡಿ. 590 ಕೂಡಿಸಿ, 1948ರ ಆಸುಪಾಸು. ಮೂರನೆಯದು ಜಿಲ್ಲೆ ತಾಲ್ಲೂಕುಗಳ ಹೆಸರು. ಶಾಲೆಯ ದಾಖಲೆಯಲ್ಲಿ ಗುಲಬರ್ಗಾ, ಆಧಾರಿನಲ್ಲಿ ಕಲಬುರಗಿ, ಮುತ್ಯಾನ ಕಾಗದದಲ್ಲಿ ಹೈದರಾಬಾದ್ ಎಂದಿದ್ದರೆ ಮೂರೂ ಒಂದೇ ಊರಿನವು ಎಂದು ಕಿಟಕಿಯ ಆಚೆ ಕೂತವರಿಗೆ ವಿವರಿಸುವ ತಾಳ್ಮೆ ಬೇಕು. ಹರಿದ ಕಾಗದಕ್ಕೆ ಟೇಪು ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ದಪ್ಪ ಹಾಳೆಯ ನಡುವೆ ಮಡಿಕೆ ಬೀಳದಂತೆ ಇಟ್ಟು, ಫೋಟೊ ತೆಗೆದುಕೊಳ್ಳಿ.

ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳು ಒಂದು ಕೆಲಸ ಮಾಡಬಹುದು. ಮನೆಯಲ್ಲಿರುವ ಎಲ್ಲ ಹಳೆಯ ಕಾಗದ, ಲಕೋಟೆ, ಲಗ್ನಪತ್ರಿಕೆಗಳನ್ನು ವರ್ಷದ ಪ್ರಕಾರ ಜೋಡಿಸಿ, ಒಂದೊಂದರ ಮೇಲಿನ ವಿಳಾಸವನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ನಿಮ್ಮೂರು ಕೊಡಗಾದರೆ ಒಂದು ಬಗೆ, ಹೊಸಪೇಟೆಯಾದರೆ ಇನ್ನೊಂದು. ಹೊಸಪೇಟೆಯ ಮಕ್ಕಳಿಗೆ 2021ರಲ್ಲಷ್ಟೇ ಬಳ್ಳಾರಿ ಹೋಗಿ ವಿಜಯನಗರ ಬಂದದ್ದು ಸಿಗುತ್ತದೆ. ಸಂದೇಹ ಬಂದರೆ ಕೇಳಲು ಮನೆಯಲ್ಲಿ ಹಿರಿಯರಿದ್ದಾರಲ್ಲ.

ನರೋಣಾದ ಮೊಮ್ಮಗ ಪಟ್ಟಿ ಮುಗಿಸಿ ತೋರಿಸಿದ ಎಂದುಕೊಳ್ಳಿ. ಮುತ್ಯಾ ಕನ್ನಡಕ ಏರಿಸಿ ನೋಡುತ್ತಾನೆ.

“ಇಷ್ಟೆಲ್ಲ ಬರದೀದಿ, ಟಪಾಲದವ ಯಾರಿದ್ದ ಅಂತ ಬರದಿಲ್ಲಲ್ಲೋ. ಅಂವಗ ಜಿಲ್ಲಾ ಬ್ಯಾಡಾಗಿತ್ತು. ಹೆಸರು ಹೇಳಿದ್ರ ಮನಿ ಮುಂದ ಬಂದು ನಿಲ್ಲತಿದ್ದ.”